ಬಾಡಿಗೆ ಮಳಿಗೆ ಬಿಡುವಾಗ ಬಾಯಿಮಾತು ಸಾಲದು



ಬೀಜ, ಗೊಬ್ಬರ, ಕೀಟಬಾಧೆಯ ವಿಚಾರ ಕೇಳಲು ಬರುವವರು ಈಚೆಗೆ ಇನ್ನೊಂದು ತೊಂದರೆಯನ್ನೂ ಹೇಳಿಕೊಳ್ಳುತ್ತಿದ್ದಾರೆ. ಈರುಳ್ಳಿ, ಮೆಕ್ಕೆಜೋಳ ದಾಸ್ತಾನಿಡಲು ಮಾರುಕಟ್ಟೆಯ ಹತ್ತಿರ ಮಳಿಗೆ ಹಿಡಿದವರುಂಟು. ಮಕ್ಕಳ ಓದಿಗೆಂದು ಪಟ್ಟಣದಲ್ಲಿ ಮನೆ ಹಿಡಿದವರುಂಟು. ಕೆಲಸ ಮುಗಿದು ಬಿಡಬೇಕೆಂದಾಗ ಮಾಲೀಕರು ಕೈಗೆ ಸಿಕ್ಕುವುದಿಲ್ಲ. ಫೋನು ಎತ್ತುವುದಿಲ್ಲ, ಮನೆಗೆ ಹೋದರೆ ‘ಊರಲ್ಲಿಲ್ಲ’ ಎಂಬ ಉತ್ತರ. ಇತ್ತ ಬಾಡಿಗೆ ಏರುತ್ತದೆ, ಅತ್ತ ಬಿತ್ತನೆಗೆ ಒದಗಬೇಕಾದ ಹಣ ಮುಂಗಡದ ರೂಪದಲ್ಲಿ ಅವರ ಬಳಿ ಉಳಿಯುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿ ಊರಿಗೆ ಬರುವುದು ಒಂದು. ‘ಮುಂಗಡ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಲಿ’ ಎಂದು ಬಾಡಿಗೆ ನಿಲ್ಲಿಸುವುದು ಇನ್ನೊಂದು. ಎರಡೂ ತರವಲ್ಲ ಎಂಬುದು ನನ್ನ ಅಭಿಪ್ರಾಯ. ಕೀಲಿ ನಿಮ್ಮ ಬಳಿ ಇರುವ ತನಕ ಸ್ವಾಧೀನ ನಿಮ್ಮದೇ, ಅಷ್ಟು ದಿನದ ಬಾಡಿಗೆ ಕೇಳಲು ಮಾಲೀಕರಿಗೆ ಅವಕಾಶವಾಗುತ್ತದೆ. ಬಾಡಿಗೆ ನಿಲ್ಲಿಸಿದರೆ ಕರಾರಿಗೆ ತಪ್ಪಿದವರು ನೀವೇ ಎಂಬ ಮಾತು ಬರುತ್ತದೆ.

ಮಾಲೀಕರು ಒಪ್ಪಿದರೆ ಮಾತ್ರ ಬಿಡಬಹುದು ಎಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ಸರಿಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತಿಂಗಳ ಬಾಡಿಗೆಯನ್ನು ಇಬ್ಬರಲ್ಲಿ ಯಾರೇ ಆಗಲಿ 15 ದಿನಗಳ ನೋಟಿಸು ಕೊಟ್ಟು ಮುಕ್ತಾಯಗೊಳಿಸಬಹುದು. ನೋಟಿಸು ತಲುಪಿದ ದಿನದಿಂದ ಈ ಅವಧಿಯ ಲೆಕ್ಕ. ಎಣ್ಣೆ ಗಾಣದಂತಹ ತಯಾರಿಕೆಗೆ ಪಡೆದ ಕಟ್ಟಡವಾದರೆ ಅದೇ ಕಲಮು ಆರು ತಿಂಗಳ ನೋಟಿಸು ಹೇಳುತ್ತದೆ. ಲಿಖಿತ ಕರಾರಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಎಂದಿದ್ದರೆ ಅದನ್ನೇ ಪಾಲಿಸಬೇಕು. 11 ತಿಂಗಳ ಕರಾರನ್ನು ಅವಧಿಗೆ ಮೊದಲೇ ಬಿಡುವುದಾದರೆ ಅದರ ಷರತ್ತನ್ನು ಮೊದಲು ಓದಿಸಿ ಕೇಳಿ.

ನೋಟಿಸು ಬರಹದಲ್ಲಿರಬೇಕು, ನಿಮ್ಮ ರುಜು ಇರಬೇಕು. ಒಕ್ಕಣೆ ಇಷ್ಟಿದ್ದರೆ ಸಾಕು: ‘ತಮ್ಮ ಇಂಥ ಮಳಿಗೆಯನ್ನು ತಿಂಗಳ ಬಾಡಿಗೆಗೆ ಪಡೆದಿದ್ದೇನೆ. ಈ ಪತ್ರ ತಲುಪಿದ 15 ದಿನಗಳಿಗೆ ಬಾಡಿಗೆಯನ್ನು ಮುಕ್ತಾಯಗೊಳಿಸುತ್ತಿದ್ದೇನೆ. ಇಂಥ ತಾರೀಖು, ಇಂಥ ಗಂಟೆಗೆ ಬಂದು ಕೀಲಿ ಪಡೆದು, ಮುಂಗಡ ಇಷ್ಟು ರೂಪಾಯಿ ಹಿಂದಿರುಗಿಸಬೇಕಾಗಿ ವಿನಂತಿ.’ ಅಂಚೆಗೆ ಹಿಡಿಯುವ ದಿನಗಳನ್ನೂ ಸೇರಿಸಿ, ಕೀಲಿ ಕೊಡುವ ತಾರೀಖನ್ನು 25 ದಿನ ಮುಂದಕ್ಕೆ ಇಡುವುದು ಕ್ಷೇಮ.

ಪತ್ರವನ್ನು ಅಂಚೆಯಲ್ಲಿ ಕಳುಹಿಸಬಹುದು. ಖುದ್ದಾಗಿ ಕೊಡಬಹುದು, ಇಲ್ಲವೆ ಮಾಲೀಕರ ಮನೆಯಲ್ಲಿ ಕುಟುಂಬದವರಿಗೋ ಆಳಿಗೋ ಕೊಡಬಹುದು. ಇದಾವುದೂ ಆಗದಿದ್ದರೆ ಆ ಮಳಿಗೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ಇವೆಲ್ಲ ಅದೇ ಕಲಮಿನಲ್ಲಿ ಹೇಳಿದ ಕ್ರಮಗಳೇ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ, ಅಂಚೆ ಕಚೇರಿಯಲ್ಲಿ ‘ತಲುಪಿದ ಪುರಾವೆ ಸಹಿತ ಸ್ಪೀಡ್ ಪೋಸ್ಟ್’ ಎಂದು ಕೇಳಿ. ರಸೀದಿ ಮತ್ತು ಪತ್ರದ ನಕಲನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಮಾಲೀಕರು ಪತ್ರ ನಿರಾಕರಿಸಿ ವಾಪಸು ಕಳಿಸಿದರೆ ಲಕೋಟೆಯನ್ನು ಒಡೆಯಬೇಡಿ. ಮುಂದೆ ಅದೇ ನಿಮ್ಮ ಸಾಕ್ಷಿ.

ಹೇಳಿದ ದಿನ ಮಳಿಗೆ ಬಳಿ ನೀವು ಹಾಜರಿರಲೇಬೇಕು. ನೀವೇ ಹಾಕಿಸಿದ ಅಟ್ಟ, ಜಾಲರಿ, ಫ್ಯಾನುಗಳನ್ನು ಕೀಲಿ ಕೊಡುವ ಮೊದಲೇ ಬಿಚ್ಚಿಕೊಳ್ಳಿ. ಆದರೆ ಕಟ್ಟಡ ಪಡೆದಾಗ ಹೇಗಿತ್ತೋ ಹಾಗೆ ಇರಬೇಕು. ಬಳಕೆಯಿಂದ ಸಹಜವಾಗಿ ಆದ ಸವೆತಕ್ಕೆ ನೀವು ಹೊಣೆಯಲ್ಲವೆಂದು 108ನೇ ಕಲಮು ಹೇಳುತ್ತದೆ. ಸುಣ್ಣಬಣ್ಣದ ಖರ್ಚು ನಿಮ್ಮದೆಂದು ಕರಾರಿನಲ್ಲೇ ಬರೆದಿದ್ದರೆ ಮಾತ್ರ ಬೇರೆ. ವಿದ್ಯುತ್ ಬಿಲ್ಲು ಕಟ್ಟಿ ಮೀಟರಿನ ಅಂಕಿ ಬರೆದುಕೊಳ್ಳಿ, ಒಳಗಿನ ಚಿತ್ರ ತೆಗೆದಿಡಿ. ಮಾಲೀಕರು ಬಾರದಿದ್ದರೆ ಅಕ್ಕಪಕ್ಕದ ಇಬ್ಬರ ಎದುರು, ಬಂದು ಕಾದಿದ್ದೆ, ಮಳಿಗೆ ಖಾಲಿ ಇದೆ ಎಂದು ಬರೆದು ಅವರ ಸಹಿ ಪಡೆಯಿರಿ. ಕೀಲಿಯನ್ನು ಇಟ್ಟುಕೊಂಡೇ ಇರಬೇಡಿ. ವಕೀಲರ ಮೂಲಕ ನೋಟಿಸಿನೊಡನೆ ಕಳುಹಿಸಿಬಿಡುವುದು ಲೇಸು.

ಆಮೇಲೂ ಮುಂಗಡ ಬಾರದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ ಹೂಡಬಹುದು. ಇದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಉಂಟು. ‘ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ’ ಎಂಬ ಮಾತಿಗೆ ಅದು ಕಳೆದುಹೋಗಬಾರದು. ದಾವೆಗೆ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಆದಾಯಕ್ಕಿಂತ ಕಡಿಮೆ ಉಳ್ಳವರಿಗೆ ವಕೀಲರ ನೆರವು ಉಚಿತ.

ಈ ಮಾತುಗಳು ಮನೆ, ಮಳಿಗೆಗಳಿಗೆ ಮಾತ್ರ. ಹೊಲದ ಗುತ್ತಿಗೆಯ ವಿಚಾರ ಬೇರೆ. ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದಾಚೆಗೆ ನಮ್ಮ ರಾಜ್ಯದಲ್ಲಿ, ಸೈನಿಕರಂಥ ಕೆಲವರ ಜಮೀನು ಬಿಟ್ಟರೆ, ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಬಾಯಿಮಾತಿನ ಗುತ್ತಿಗೆಯನ್ನು ನೆಚ್ಚಿ ಬಂಡವಾಳ ಹೂಡುವವರು ಇದನ್ನು ನೆನಪಿನಲ್ಲಿಡಬೇಕು.

ಮಾಲೀಕರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಾಡಿಗೆಯನ್ನೇ ನಂಬಿದ ವೃದ್ಧರೂ ಅವರಲ್ಲಿದ್ದಾರೆ. ಹೇಳದೆ ಕೇಳದೆ ಬಿಟ್ಟುಹೋದರೆ ನಷ್ಟ ಅವರಿಗೂ ಉಂಟು. ಆದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವ ಪದ್ಧತಿ ಮಾತ್ರ ನ್ಯಾಯವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯಷ್ಟನ್ನು ಮಾತ್ರ ಮುಂಗಡವಾಗಿ ಪಡೆಯಬಹುದೆಂದಿದೆ. ಅದು ಮಾದರಿ ಮಾತ್ರ. ರಾಜ್ಯಗಳು ಕಾಯಿದೆ ಮಾಡಿದರಷ್ಟೆ ಅನ್ವಯ. ಆದರೂ ಮಳಿಗೆ ಹಿಡಿಯುವಾಗ ಚೌಕಾಶಿಗೆ ಇದೊಂದು ಆಧಾರ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಬಾಡಿಗೆಯ ವ್ಯವಹಾರದಲ್ಲಿ ಮಾಲೀಕರ ಮೌನಕ್ಕೆ ನೀವೂ ಮೌನದಿಂದಲೇ ಉತ್ತರಿಸಿದರೆ ಕಳೆಯುವುದು ನಿಮ್ಮ ಬಂಗಾರವೇ. ಮೇಲಿನ ನೋಟಿಸಿನ ಒಕ್ಕಣೆಯನ್ನು ವಾಚನಾಲಯದ ಗೋಡೆಯ ಮೇಲೆ ಬರೆದು ಹಾಕಿ. ಓದು ಬಾರದವರಿಗೆ ಓದಿದವರು ಬರೆದುಕೊಟ್ಟರೆ ಅದೂ ಒಂದು ಉಪಕಾರವೇ.