ರೋಬೋಟ್ ಯಾರ ಮಕ್ಕಳ ಸೊತ್ತು?

ಹೈಸ್ಕೂಲು ಮಕ್ಕಳು ತಂಡ ಕಟ್ಟಿಕೊಂಡು ರೋಬೋಟ್ ತಯಾರಿಸುತ್ತಾರೆಂದರೆ ಅದು ಬೆಂಗಳೂರಿನ ದುಬಾರಿ ಶಾಲೆಗಳ ವಿನೋದವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. 'ನಮ್ಮ ಮಕ್ಕಳು ಮೊದಲು ಎಸೆಸೆಲ್ಸಿ ಪಾಸಾಗಲಿ' ಎಂಬುದು ಅವರ ಉತ್ತರ. ಇದು ವಿವೇಕದ ಮಾತಲ್ಲ, ಶರಣಾಗತಿಯ ಮಾತು.

2004ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ವಿದ್ಯಾರ್ಥಿಗಳು ನೀರಿನೊಳಗೆ ಚಲಿಸುವ ರೋಬೋಟ್ ನಿರ್ಮಿಸಿದರು. ಅವರು ಮೆಕ್ಸಿಕೋದಿಂದ ವಲಸೆ ಬಂದ, ವಾಸದ ದಾಖಲೆಗಳೂ ಇಲ್ಲದ ಬಡ ಮಕ್ಕಳು. ಪಿವಿಸಿ ಪೈಪುಗಳಿಂದ ಸುಮಾರು 800 ಡಾಲರಿನಲ್ಲಿ ಸಿದ್ಧವಾದ ಆ ಯಂತ್ರವು ವಿಶ್ವವಿಖ್ಯಾತ ಎಂಐಟಿಯ ತಂಡವನ್ನೇ ಸೋಲಿಸಿತು. 2017ರಲ್ಲಿ ಅಫ್ಘಾನಿಸ್ತಾನದ ಹೆರಾತ್‌ನ ಹುಡುಗಿಯರ ತಂಡಕ್ಕೆ ಅಮೆರಿಕ ಎರಡು ಬಾರಿ ವೀಸಾ ನಿರಾಕರಿಸಿತು. ಕೊನೆಗೂ ವಾಷಿಂಗ್ಟನ್ನಿನ ಸ್ಪರ್ಧೆಗೆ ತಲುಪಿದ ಆ ಹುಡುಗಿಯರು ಬೆಳ್ಳಿ ಪದಕದೊಂದಿಗೆ ಮರಳಿದರು. ಇವರಾರಿಗೂ ಪ್ರತಿಭೆಯ ಕೊರತೆಯಿರಲಿಲ್ಲ. ಇದ್ದುದು ಅವಕಾಶದ ಕೊರತೆ ಮಾತ್ರ.

ಇಂತಹ ತಂಡದಲ್ಲಿ ಒಬ್ಬ ವಿನ್ಯಾಸ ಬರೆಯುತ್ತಾನೆ, ಒಬ್ಬಳು ತಂತಿ ಜೋಡಿಸುತ್ತಾಳೆ, ಇನ್ನೊಬ್ಬ ಕಂಪ್ಯೂಟರಿಗೆ ಆದೇಶ ಬರೆಯುತ್ತಾನೆ. ಯಂತ್ರ ಓಡದಿದ್ದರೆ ಎಲ್ಲರೂ ಕೂಡಿ ಕಾರಣ ಹುಡುಕುತ್ತಾರೆ. ತೀರ್ಪುಗಾರರ ಮುಂದೆ ನಿಂತು ಅಳುಕಿಲ್ಲದೆ ವಿವರಿಸುತ್ತಾರೆ. ಮನೆತನದಲ್ಲಿ ಒಬ್ಬ ಇಂಜಿನಿಯರನೂ ಇಲ್ಲದ ಮಗುವಿಗೆ ಈ ಅನುಭವವನ್ನು ಯಾವ ಗೈಡು, ಯಾವ ಟ್ಯೂಷನ್ ನೀಡಬಲ್ಲದು?

ಬಳ್ಳಾರಿಯನ್ನೇ ನೋಡಿ. ಕಂಟೋನ್ಮೆಂಟ್, ಕೌಲ್ ಬಜಾರ್‌ಗಳ ಈ ನಗರ ಜೀನ್ಸ್ ಉಡುಪಿಗೆ ಹೆಸರಾಗಿದೆ. ಸಮೀಪದ ತೋರಣಗಲ್ಲಿನಲ್ಲಿ ದೇಶದ ಬೃಹತ್ ಉಕ್ಕಿನ ಕಾರ್ಖಾನೆಗಳಲ್ಲೊಂದಿದೆ. ಹೊಲಿಗೆ ಯಂತ್ರದ, ಮೋಟಾರಿನ ಸದ್ದು ಕೇಳಿಯೇ ದೋಷ ಹೇಳಬಲ್ಲ ಕುಶಲಕರ್ಮಿಗಳು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ದುರಸ್ತಿ ಮಾತ್ರ ನಮ್ಮ ಪಾಲಿಗೆ, ವಿನ್ಯಾಸ ಇತರರ ಪಾಲಿಗೆ ಎಂಬುದು ಯಾವ ನ್ಯಾಯ? 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧಕ್ಕೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಮಗುವನ್ನು ಶಾಲೆಯಲ್ಲಿ ಹಿಡಿದಿಡುವುದು ಉಪದೇಶವಲ್ಲ, ಆಸಕ್ತಿ.

ಸರಕಾರದ ಧೋರಣೆಯೂ ಪ್ರಶ್ನಾತೀತವಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ಅನುದಾನ ನಿಗದಿಪಡಿಸಿತು. ಆದರೆ 1,500 ಚದರಡಿ ಸ್ಥಳ, ಇಂಟರ್ನೆಟ್, ನಿರಂತರ ವಿದ್ಯುತ್ ಇರಬೇಕೆಂಬ ಷರತ್ತನ್ನೂ ಹಾಕಿತು. ಇಕ್ಕಟ್ಟಿನ ಕಟ್ಟಡದ ಬಡ ಶಾಲೆ ಅರ್ಜಿ ಹಾಕುವುದಾದರೂ ಹೇಗೆ? ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇಂತಹ 50,000 ಪ್ರಯೋಗಾಲಯ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿದೆ. ಅವುಗಳಲ್ಲಿ ಉರ್ದು ಶಾಲೆಗಳ ಪಾಲೆಷ್ಟೆಂದು ಶಾಲಾಭಿವೃದ್ಧಿ ಸಮಿತಿಗಳೂ ಜನಪ್ರತಿನಿಧಿಗಳೂ ಈಗಲೇ ಕೇಳಬೇಕು.

ಸರಕಾರವನ್ನು ದೂರಿದೊಡನೆ ನಮ್ಮ ಹೊಣೆ ಮುಗಿಯುವುದಿಲ್ಲ. 1206ರಲ್ಲೇ ಸ್ವಯಂಚಾಲಿತ ಯಂತ್ರಗಳ ಕುರಿತು ಗ್ರಂಥ ರಚಿಸಿದ ಅಲ್ ಜಝರಿಯ ಹೆಸರನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಮನೆಯ ಮಗು ಹಳೆಯ ರೇಡಿಯೋ ಬಿಚ್ಚಿದರೆ ಗದರಿಸುತ್ತೇವೆ. ಮದುವೆಯ ಔತಣಕ್ಕೆ ಲಕ್ಷಗಟ್ಟಲೆ ಸುರಿಯುವ ಸಮುದಾಯಕ್ಕೆ ಒಂದು ಕೊಠಡಿ, ಕೆಲವು ಮೋಟಾರು, ಒಂದು ಕಂಪ್ಯೂಟರ್ ಒದಗಿಸುವುದು ಅಸಾಧ್ಯವೇ? ಜಮಾಅತ್‌ಗಳು ಸ್ಥಳ ಕೊಡಲಿ. ಡಿಪ್ಲೊಮಾ, ಐಟಿಐ ಕಲಿತ ಯುವಕರೂ ಗ್ಯಾರೇಜಿನ ಅನುಭವಿಗಳೂ ವಾರಕ್ಕೊಂದು ದಿನ ಕೊಡಲಿ. ತಂಡದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ, ಮದ್ರಸಾದ ಮಕ್ಕಳಿಗೂ ಬಾಗಿಲು ತೆರೆದಿರಲಿ. ಪೂರ್ವಜರ ಯಂತ್ರಗಳನ್ನು ಹೊಗಳುವ ಭಾಷಣಗಳು ಸಾಕಷ್ಟಾದವು. ಇನ್ನು ನಮ್ಮ ಮಕ್ಕಳ ಕೈಗೆ ಉಪಕರಣ ಕೊಡೋಣ.