ರೋಗಿಯನ್ನು ಕೇಳಿದವರು ಯಾರು?

ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುವವಳು. ನಿಮ್ಮ ವಾಷಿಂಗ್ಟನ್ ಕಚೇರಿಗೂ ನನಗೂ ಮೇಲ್ನೋಟಕ್ಕೆ ಯಾವ ವ್ಯವಹಾರವೂ ಇಲ್ಲ. ಆದರೆ ನಿಮ್ಮ ಅರ್ಜಿ ನಮೂನೆಯ ಒಂದು ಕಾಲಂ ತುಂಬಲು ನನ್ನ ರೋಗಿಗಳು ಬೇಕಾಗಿದ್ದಾರೆ. ಅದಕ್ಕೇ ಈ ಪತ್ರ. ಇದರ ಇಂಗ್ಲಿಷ್ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು, ಈ ಕೆಲಸದಲ್ಲಿ ನಿಮಗೆ ಕೈಜೋಡಿಸಿರುವ ನಮ್ಮವರೂ ಓದಲಿ ಎಂದು. ಅಲ್ಲಿನ ಅಪ್ಪ ಅಮ್ಮಂದಿರು, ಇಲ್ಲಿನ ನನ್ನಂಥ ಡಾಕ್ಟರುಗಳು, ಎಲ್ಲರೂ.

ಮೇ ತಿಂಗಳು ಬಂತೆಂದರೆ, ಮತ್ತೆ ಡಿಸೆಂಬರ್ ಹತ್ತಿರವಾಯಿತೆಂದರೆ ಫೋನುಗಳು ಶುರು. ನ್ಯೂಜೆರ್ಸಿಯಿಂದ, ಡಲ್ಲಾಸ್‌ನಿಂದ, ಬೇ ಏರಿಯಾದಿಂದ. ತಮ್ಮ, ಭಾವ, ಕಾಲೇಜಿನಲ್ಲಿ ಜೊತೆಗೆ ಓದಿದವರು, ಅವರ ಪರಿಚಯದವರು. ಮಳೆ ಬೆಳೆ ವಿಚಾರಿಸಿದ ಮೇಲೆ ಮಾತು ಅಲ್ಲಿಗೇ ಬರುತ್ತದೆ: “ಮಗಳು ಪ್ರೀ-ಮೆಡ್ ಮಾಡ್ತಾಳಕ್ಕಾ, ಒಂದೆರಡು ವಾರ ನಿನ್ನ ದವಾಖಾನ್ಯಾಗ ನಿಂದ್ರಸ್ಕೊ, ಹೋಗೂ ಮುಂದ ಒಂದು ಲೆಟರ್ ಬರದ್ಕೊಡು.”

ಇಲ್ಲಿನ ಓದುಗರಿಗಾಗಿ ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳಬೇಕು, ಸಹಿಸಿಕೊಳ್ಳಿ. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ರ‍್ಯಾಂಕ್ ಬಂದರೆ ಹದಿನೆಂಟಕ್ಕೇ ಎಂಬಿಬಿಎಸ್. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ ಓದಬೇಕು, ಎಂಕ್ಯಾಟ್ ಪರೀಕ್ಷೆ ಬರೆಯಬೇಕು, ಅರ್ಜಿ, ಸಂದರ್ಶನ ಮುಗಿಸಬೇಕು, ಆಮೇಲೆ ಮತ್ತೆ ನಾಲ್ಕು ವರ್ಷದ ವೈದ್ಯಕೀಯ ಕಾಲೇಜು. ಡಿಗ್ರಿ ಓದುತ್ತ ಈ ದಾರಿಗೆ ತಯಾರಾಗುವವರೇ ಪ್ರೀ-ಮೆಡ್‌ಗಳು. ನಿಮ್ಮ ಎಂ.ಡಿ. ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ, ಸೀಟು ಸಿಗುವುದು 23 ಸಾವಿರದ ಆಸುಪಾಸಿನವರಿಗೆ. ಅಂಕಗಳಲ್ಲಿ ಬಹಳಷ್ಟು ಜನ ಒಬ್ಬರಿಗೊಬ್ಬರು ಹತ್ತಿರದಲ್ಲೇ ಇರುವುದರಿಂದ, ಈ ಹುಡುಗ ಹುಡುಗಿಯರು ನಿಜಕ್ಕೂ ರೋಗಿಗಳ ನಡುವೆ ಓಡಾಡಿದ್ದಾರೆಯೇ ಎಂದು ಆಯ್ಕೆ ಸಮಿತಿಗಳು ನೋಡುತ್ತವೆ. ಅರ್ಜಿಯಲ್ಲಿ 15 ಚಟುವಟಿಕೆಗಳನ್ನು ಬರೆಯಬಹುದು. ಒಂದೊಂದಕ್ಕೂ ತಾರೀಖು, ಸಂಪರ್ಕಿಸಬೇಕಾದವರ ಹೆಸರು, ಒಟ್ಟು ಗಂಟೆ. ಮಾಡಿದ ಗಂಟೆಗಳಲ್ಲದೆ ಮುಂದೆ ಮಾಡಲಿರುವ ಗಂಟೆಗಳನ್ನೂ ತುಂಬಲು ಅವಕಾಶವಿದೆ. ಇನ್ನೂ ಮಾಡದ ಸೇವೆಯನ್ನು ಈಗಲೇ ಜಮಾ ಹಿಡಿಯುವ ಈ ಲೆಕ್ಕ ನಮ್ಮೂರಿನ ಸೊಸೈಟಿ ಕಾರ್ಯದರ್ಶಿಗೂ ಹೊಳೆದಿರಲಿಕ್ಕಿಲ್ಲ.

ಅನುಭವ ಕೇಳುವುದೇ ತಪ್ಪು ಎಂದು ನನ್ನ ವಾದವಲ್ಲ. ಅದನ್ನು ಕೇಳುವ ನೀವು, ಗಳಿಸುವ ದಾರಿಯನ್ನು ತೋರಿಸದೆ ಬಿಟ್ಟಿದ್ದೀರಿ ಎಂಬುದು ನನ್ನ ತಕರಾರು.

ನಿಮ್ಮ ಆಸ್ಪತ್ರೆಗಳ ಬಾಗಿಲು ಗಟ್ಟಿ. 1996ರ ಹಿಪಾ ಕಾಯ್ದೆ ರೋಗಿಯ ಖಾಸಗಿ ವಿಷಯವನ್ನು ಕಾಯುತ್ತದೆ, ಒಳ್ಳೆಯದೇ. ಜೊತೆಗೆ ಕೋರ್ಟಿನ ಭಯ. ಸ್ವಯಂಸೇವಕಿಯಾಗಿ ಒಳಗೆ ಹೋಗಬೇಕಾದರೂ ಕ್ಷಯದ ಪರೀಕ್ಷೆ, ಲಸಿಕೆಗಳ ದಾಖಲೆ, ತರಬೇತಿ, ಹಲವೆಡೆ ತಿಂಗಳುಗಟ್ಟಲೆ ಕಾಯುವ ಪಟ್ಟಿ. ಅದೆಲ್ಲ ದಾಟಿದರೆ ಗಾಲಿಕುರ್ಚಿ ತಳ್ಳುವ, ಕಂಬಳಿ ತಂದುಕೊಡುವ ಕೆಲಸ. ಸಂಬಳದ ಕೆಲಸಗಳೂ ಇವೆ. ನರ್ಸಿಂಗ್ ಅಸಿಸ್ಟೆಂಟ್ ಆಗಲು ಕೇಂದ್ರ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆಯ ತರಬೇತಿ ಬೇಕು, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ. ಆಂಬುಲೆನ್ಸ್ ಸಿಬ್ಬಂದಿಯಾಗಬಹುದು, ಡಾಕ್ಟರು ಹೇಳಿದ್ದನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ರೈಬ್ ಆಗಬಹುದು. ಇಂಥ ಕೆಲಸ ಮಾಡಲೆಂದೇ ಡಿಗ್ರಿ ಮುಗಿದ ಮೇಲೆ ಒಂದೋ ಎರಡೋ ವರ್ಷ ತಡೆದು ಅರ್ಜಿ ಹಾಕುವವರು ಎಷ್ಟೋ ಮಂದಿ. ಆದರೆ ಡಾಕ್ಟರ ಮಗನಿಗೆ ಈ ತಾಪತ್ರಯವಿಲ್ಲ. ಅಪ್ಪನ ಗೆಳೆಯನಿಗೊಂದು ಮೆಸೇಜ್ ಹೋದರೆ ಸೋಮವಾರದಿಂದ ಹೃದ್ರೋಗ ತಜ್ಞರ ಹಿಂದೆ ಓಡಾಡಬಹುದು. ಗ್ಯಾಸ್ ಸ್ಟೇಷನ್ನಿನಲ್ಲಿ ಗಲ್ಲಾ ನೋಡಿಕೊಳ್ಳುವವನ ಮಗಳು ಅಪರಿಚಿತ ಡಾಕ್ಟರುಗಳಿಗೆ ಮೇಲ್ ಮೇಲೆ ಮೇಲ್ ಬರೆದು ಉತ್ತರಕ್ಕೆ ಕಾಯುತ್ತಾಳೆ.

ಮಾನದಂಡ ಏರಿಸುವಾಗ ಯಾರು ಹೊರಗುಳಿಯುತ್ತಾರೆ ಎಂಬ ಪಾಠ ನಿಮ್ಮ ಸಂಘಕ್ಕೆ ಹೊಸದಲ್ಲ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ತೂಗಿ ನೋಡಿ ವರದಿ ಕೊಟ್ಟ. ವೈದ್ಯಕೀಯ ಶಿಕ್ಷಣಕ್ಕೆ ಶಿಸ್ತು ಬಂತು. ಕಪ್ಪು ಜನರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಕೊನೆಗೆ ಉಳಿದದ್ದು ಹೋವರ್ಡ್ ಮತ್ತು ಮೆಹಾರಿ ಎರಡೇ. ನೂರು ವರ್ಷದ ಮೇಲೆ, 2020ರಲ್ಲಿ, ನಿಮ್ಮ ಸಂಘವೇ ತನ್ನ ದೊಡ್ಡ ಪ್ರಶಸ್ತಿಯಿಂದ ಫ್ಲೆಕ್ಸ್‌ನರ್ ಹೆಸರನ್ನು ತೆಗೆಯಿತು. ಗಂಟೆಗಳ ಲೆಕ್ಕದಲ್ಲಿ ಹೊರಗುಳಿಯುತ್ತಿರುವವರನ್ನು ನೋಡಲು ಇನ್ನೊಂದು ನೂರು ವರ್ಷ ಕಾಯಬೇಕಾಗಿಲ್ಲ.

ಅಲ್ಲಿ ಬಾಗಿಲು ತೆರೆಯದ ಮಕ್ಕಳಲ್ಲಿ ವಿಮಾನದ ಟಿಕೆಟ್ಟಿಗೆ ದುಡ್ಡಿದ್ದವರು ಇಲ್ಲಿಗೆ ಬರುತ್ತಾರೆ. ಸೋದರಮಾವನ ಆಸ್ಪತ್ರೆ ಇಲ್ಲದವರಿಗೆ, ಹಣ ಪಡೆದು ಬಡ ದೇಶಗಳ ಆಸ್ಪತ್ರೆಗಳಲ್ಲಿ ಎರಡು ಮೂರು ವಾರ ಓಡಾಡಿಸಿ ಕಳಿಸುವ ಕಂಪನಿಗಳಿವೆ. ಇಲ್ಲಿ ಯಾಕೆ ಸುಲಭ? ನಮ್ಮ ರೋಗಿ ಇಲ್ಲವೆನ್ನುವುದಿಲ್ಲ, ಅದಕ್ಕೆ.

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಬಂದಿದ್ದಳು. ಜಾಣೆ, ಸಂಕೋಚದ ಹುಡುಗಿ, ಮನೆಯಲ್ಲಿ ಕಲಿತಷ್ಟು ಕನ್ನಡ ಬರುತ್ತದೆ. ಹುಬ್ಬಳ್ಳಿಯಲ್ಲಿ ಇಳಿದ ದಿನವೇ ಅವರಮ್ಮ ಆಕೆಗೊಂದು ಬಿಳಿ ಕೋಟು ಹೊಲಿಸಲು ಕೊಟ್ಟಿದ್ದಳು. ಕೋಟು ತೆಗೆಸಿ ಮನೆಯಲ್ಲಿಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಅವಳ ಇಂಗ್ಲಿಷು ಮತ್ತು ನನ್ನ ಪಕ್ಕದ ಕುರ್ಚಿ, ಇವೆರಡೇ ಅವಳನ್ನು ಡಾಕ್ಟರ್ ಮಾಡಲು ಸಾಕಾದವು. ಮೊದಲ ದಿನವೇ ಒಬ್ಬಾಕೆ ನನ್ನಿಂದ ತಪಾಸಣೆ ಮಾಡಿಸಿಕೊಂಡು, ಚೀಟಿ ಇಸಿದುಕೊಂಡು, ಏಳುವ ಮುಂಚೆ ದನಿ ತಗ್ಗಿಸಿ ಕೇಳಿದಳು: “ಆ ಅಮೆರಿಕಾದ ಬಾಯಾರ ಕೈಲೆ ಒಂದ್ಸಲ ನೋಡಸ್ರೆಲಾ.” ಮೂವತ್ತು ವರ್ಷ ಇದೇ ಊರಲ್ಲಿ ಹೆರಿಗೆ ಮಾಡಿಸಿದ ನನಗೆ ಆಗ ಬಂದದ್ದು ನಗುವೋ ಸಿಟ್ಟೋ ಬಿಡಿ. ಇಪ್ಪತ್ತು ವರ್ಷದ, ಒಂದು ದಿನವೂ ವೈದ್ಯಕೀಯ ಓದದ ಹುಡುಗಿ ಹೂಂ ಎಂದಿದ್ದರೆ ಆಕೆ ಮಂಚ ಹತ್ತಿ ಮಲಗುತ್ತಿದ್ದಳು.

ಮರುದಿನ ಸವಣೂರಿನ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಐವತ್ತು ದಾಟಿತ್ತು, ಹೊಲದ ಕೆಲಸದ ಮೈ. “ಸೊಂಟನೋವ್ರಿ” ಅಂದಳು, ಸುಮ್ಮನಾದಳು. ಪಕ್ಕದಲ್ಲಿ ಕೂತ ಹುಡುಗಿಯತ್ತ ಒಂದು ಸಲ, ನೆಲದತ್ತ ಒಂದು ಸಲ ಕಣ್ಣು. “ಈಕಿ ಇಲ್ಲಿ ಕುಂತಿರಬಹುದೇನವಾ?” ಎಂದು ಕೇಳಿದೆ. “ಇರವಲ್ರ್ಯಾಕ ಬಿಡ್ರಿ, ನಮ್ದೇನೈತಿ” ಎಂದಳು. ಕಾಗದದ ಮೇಲೆ ಇದು ಒಪ್ಪಿಗೆ. ಆದರೆ ಆಕೆ ನಾಳೆಯೂ ಬರಬೇಕಾದದ್ದು ನನ್ನ ಹತ್ತಿರವೇ. ಊರಿನಲ್ಲಿ ಬೇರೆ ಹೆಣ್ಣು ಡಾಕ್ಟರಿಲ್ಲ. ನನ್ನ ಮನೆಯ ಮಗುವನ್ನು ಹೊರಗೆ ಕಳಿಸಿ ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಹುಡುಗಿಯನ್ನು ಏನೋ ತರಲು ಕಳಿಸಿ ಬಾಗಿಲು ಮುಂದೆ ಮಾಡಿದೆ. ಗರ್ಭಚೀಲ ಜಾರಿ ಆರು ವರ್ಷವಾಗಿತ್ತು. ಬಟ್ಟೆ ಕಟ್ಟಿಕೊಂಡು ಕಳೆ ತೆಗೆಯುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ.

ನಿಮ್ಮ ದೇಶದಲ್ಲಿ ಆ ಕೋಣೆಗೆ ಒಬ್ಬ ಡಿಗ್ರಿ ವಿದ್ಯಾರ್ಥಿನಿ ಕಾಲಿಡಬೇಕಾದರೆ ಎಷ್ಟು ಸಹಿಗಳು ಬೇಕು ಎಣಿಸಿ ನೋಡಿ. ಇಲ್ಲಿ ಒಂದು ಕುರ್ಚಿ ಸಾಕಾಯಿತು.

ಮೂರನೆಯ ದಿನದಿಂದ ಅವಳನ್ನು ನನ್ನ ಕೋಣೆಯಿಂದ ಎಬ್ಬಿಸಿ ವಾರ್ಡಿನಲ್ಲಿ ನಮ್ಮ ಆಯಾ ಜೊತೆ ಬಿಟ್ಟೆ. ಬಿಸಿನೀರು ತಂದಳು. ಬಾಣಂತಿ ಊಟ ಮುಗಿಸುವವರೆಗೆ ಕೂಸು ಎತ್ತಿಕೊಂಡಳು. ಸಿಜೇರಿಯನ್ ಆದವರನ್ನು ಮೊದಲ ಸಲ ಎಬ್ಬಿಸಿ ನಡೆಸುವಾಗ ಭುಜ ಕೊಟ್ಟಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: “ಅತ್ತೆ, ಔಷಧಿ ಅಂಗಡೀಲಿ ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿ, ಅರ್ಧ ಮಾತ್ರೆ ವಾಪಸ್ ಕೊಟ್ರು. ಅರ್ಧ ತಗೊಂಡ್ರೆ ವಾಸಿ ಆಗತ್ತಾ?” ನನ್ನ ಪಕ್ಕದ ಕುರ್ಚಿಯಲ್ಲಿ ವರ್ಷ ಕೂತರೂ ಈ ಪ್ರಶ್ನೆ ಅವಳಿಗೆ ಹುಟ್ಟುತ್ತಿರಲಿಲ್ಲ. ನಿಮ್ಮ ಗಂಟೆಯ ಕಾಲಂನಲ್ಲಿ ಇದರ ಬೆಲೆ ಎರಡು ನಿಮಿಷ.

ಹೊರಡುವ ಹಿಂದಿನ ದಿನ ತಮ್ಮನಿಂದ ವಾಟ್ಸ್ಯಾಪ್‌ನಲ್ಲಿ ಪತ್ರದ ಕರಡು ಬಂತು. ಹೆರಿಗೆಗಳಲ್ಲಿ ಸಹಾಯ ಮಾಡಿದ್ದಾಳೆ, ಹೊಲಿಗೆ ಹಾಕಲು ಕಲಿತಿದ್ದಾಳೆ, ಒಟ್ಟು 200 ಗಂಟೆ. ಎರಡು ವಾರದಲ್ಲಿ 200 ಗಂಟೆಯಾಗಬೇಕಾದರೆ ಹುಡುಗಿ ಭಾನುವಾರವೂ ಸೇರಿ ದಿನಕ್ಕೆ ಹದಿನಾಲ್ಕು ತಾಸಿಗೂ ಹೆಚ್ಚು ನಿಂತಿರಬೇಕಿತ್ತು. ಹಾಗೆ ಬರೆಯಲಾರೆ ಎಂದೆ. “ಎಲ್ಲಾರೂ ಹಂಗ ಬರಸ್ತಾರಕ್ಕಾ” ಎಂದ. ಅವನ ಮಾತು ಸುಳ್ಳಲ್ಲ, ಆತಂಕದ ಮಾತು ಅದು. ಇನ್ನೊಂದು ಊರಿನ ನರ್ಸಿಂಗ್ ಹೋಮಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಹೊಲಿಗೆ ಹಾಕುತ್ತಿರುವ ಫೋಟೊವನ್ನು ಅವರ ಮನೆಯವರೇ ಹೆಮ್ಮೆಯಿಂದ ನನಗೆ ತೋರಿಸಿದ್ದಾರೆ. ಫೋಟೊದಲ್ಲಿ ಹುಡುಗನ ಮುಖ ಸ್ಪಷ್ಟವಾಗಿದೆ, ರೋಗಿಯ ತೊಡೆಯೂ. ನಮ್ಮ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆರ್‌ಎಂಪಿ ಎಂದು ಕರೆಸಿಕೊಳ್ಳುವ ನೋಂದಣಿಯಿಲ್ಲದ ವೈದ್ಯರ ಮೇಲೆ ದಾಳಿಯಾದಾಗ ಪತ್ರಿಕಾ ಹೇಳಿಕೆ ಕೊಡುವ ನಾವು ಡಾಕ್ಟರುಗಳು, ನೆಂಟರ ಮಗನ ಕೈಗೆ ಸೂಜಿ ಕೊಡುವಾಗ ಈ ಸೆಕ್ಷನ್ ನೆನೆಯುವುದಿಲ್ಲ.

ಇದೆಲ್ಲ ನಿಮಗೆ ಗೊತ್ತಿಲ್ಲವೆಂದಲ್ಲ. 2011ರಲ್ಲೇ ನಿಮ್ಮ ಸಂಘ ಹೊರದೇಶಗಳಲ್ಲಿ ರೋಗಿಗಳ ನಡುವೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಕಲಿಯದ ಕೆಲಸಕ್ಕೆ ಕೈ ಹಾಕಬೇಡಿ, ರೋಗಿಯ ಹಿತ ಮೊದಲು, ಮಿತಿ ಮೀರಿದರೆ ನಿಮ್ಮ ಅರ್ಜಿಗೇ ಮುಳುವಾಗಬಹುದು ಎಂಬುದು ಅದರ ಸಾರ. ಮಾತು ಚೆನ್ನಾಗಿದೆ. ಆದರೆ ನನಗೆ ಫೋನು ಮಾಡಿದ ಒಬ್ಬ ತಂದೆಯೂ ಅದರ ಹೆಸರೆತ್ತಿಲ್ಲ. ಗಂಟೆಯ ಕಾಲಂ ಎಲ್ಲರಿಗೂ ಬಾಯಿಪಾಠ. ನಮೂನೆಯಲ್ಲಿ ಕೇಳುವುದನ್ನು ಜನ ತುಂಬುತ್ತಾರೆ, ಮಾರ್ಗಸೂಚಿಯಲ್ಲಿ ಹೇಳಿದ್ದನ್ನು ಬೇಕಾದವರು ಓದುತ್ತಾರೆ.

ನಮ್ಮ ಕಡೆಯ ಹುಳುಕನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ನೀಟ್‌ನ 720 ಅಂಕಗಳ ಪರೀಕ್ಷೆಯೇ ಎಲ್ಲ. ಕೋಟಾದಲ್ಲೋ ಮಂಗಳೂರಿನಲ್ಲೋ ಕೋಚಿಂಗಿಗೆ ಕೂತು ಸೀಟು ಗೆದ್ದ ಮಗು ಅಲ್ಲಿಯವರೆಗೆ ಒಬ್ಬ ರೋಗಿಯ ಜೊತೆಗೂ ಹತ್ತು ನಿಮಿಷ ಮಾತಾಡಿರುವುದಿಲ್ಲ. ರೋಗಿಗಳೆಂದರೆ ಕಿರಿಕಿರಿ ಎನ್ನುವುದು ಮೂರನೇ ವರ್ಷಕ್ಕೆ ಗೊತ್ತಾದವರನ್ನು ನಾನು ಕಂಡಿದ್ದೇನೆ. ಅಷ್ಟರಲ್ಲಿ ಅಪ್ಪ ಹೊಲ ಅಡ ಇಟ್ಟಾಗಿರುತ್ತದೆ. 2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ವಿದ್ಯಾರ್ಥಿಗಳನ್ನು ವಾರ್ಡಿಗೆ ಪರಿಚಯಿಸುವ ಏರ್ಪಾಡಾಗಿದೆ, ಅದೂ ಸೀಟು ಸಿಕ್ಕ ಮೇಲೆ. ಹಾಗಾಗಿ ಸೇರುವ ಮುಂಚೆಯೇ ಆಸ್ಪತ್ರೆಯ ವಾಸನೆ ನೋಡಿಕೊಂಡು ಬನ್ನಿ ಎನ್ನುವ ನಿಮ್ಮ ಪದ್ಧತಿಯ ಬಗ್ಗೆ ನನಗೆ ಅಸೂಯೆಯೇ ಇದೆ. ಆ ವಾಸನೆಗೆ ನಮ್ಮೂರಿಗೇ ಬರಬೇಕಾಗಿ ಬಂದಿದೆಯಲ್ಲ, ಅದು ಬೇಡ.

ನಾನು ನಿಮ್ಮಿಂದ ಬಯಸುವುದು ಇಷ್ಟು. ರೋಗಿಗಳ ನಡುವೆ ಇದ್ದ ಅನುಭವ ಬೇಕು ಎನ್ನುವ ಪ್ರತಿ ಕಾಲೇಜೂ ತನ್ನದೇ ಬೋಧನಾ ಆಸ್ಪತ್ರೆಯಲ್ಲಿ ಸುತ್ತಲಿನ ಡಿಗ್ರಿ ಕಾಲೇಜುಗಳ ಮಕ್ಕಳಿಗೆ ಜಾಗ ಮಾಡಿಕೊಡಲಿ, ಮನೆಯಲ್ಲಿ ಡಾಕ್ಟರಿಲ್ಲದವರಿಗೆ ಮೊದಲು. ಹಾಸಿಗೆಗಳಿವೆ, ಕಲಿಸುವವರಿದ್ದಾರೆ, ರೋಗಿಯ ಒಪ್ಪಿಗೆ ಕೇಳುವ ಪದ್ಧತಿ ನಿಮ್ಮಲ್ಲಿ ಮೊದಲೇ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ವೃದ್ಧಾಶ್ರಮದಲ್ಲಿ ಮುದುಕರ ಮೈ ಒರೆಸಿ ಕಾಲೇಜಿಗೆ ಓಡುವ ನರ್ಸಿಂಗ್ ಅಸಿಸ್ಟೆಂಟ್ ಹುಡುಗಿಯನ್ನು, ಶಸ್ತ್ರಚಿಕಿತ್ಸಕರ ಹಿಂದೆ ಕೈಕಟ್ಟಿ ನಿಂತವನಿಗಿಂತ ಮುಂದೆ ಕೂರಿಸಿ ಎಂದು ಆಯ್ಕೆ ಸಮಿತಿಗಳಿಗೆ ಬಾಯಿಬಿಟ್ಟು ಹೇಳಿ. ಹೊರದೇಶದ ಅನುಭವ ಬರೆದವರಿಗೆ ಗಂಟೆಯ ಪಕ್ಕದಲ್ಲಿ ಎರಡು ಪ್ರಶ್ನೆ ಸೇರಿಸಿ: ನೀನು ಅಲ್ಲಿರಲು ರೋಗಿಯನ್ನು ಕೇಳಿದವರು ಯಾರು, ಯಾವ ಭಾಷೆಯಲ್ಲಿ? ನಿನ್ನ ಕೈಯಿಂದ ಏನೇನು ಮಾಡಿದೆ? ಇನ್ನೂ ಮಾಡದ ಗಂಟೆಗಳ ಕಾಲಂ ಅನ್ನು ಕಿತ್ತುಹಾಕಿದರೆ ಯಾರಿಗೂ ನಷ್ಟವಿಲ್ಲ.

ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಎಂಬಿಬಿಎಸ್ ಓದದವರಿಗೆ ನನ್ನ ತಪಾಸಣಾ ಕೋಣೆಯಲ್ಲಿ ಈಗ ಜಾಗವಿಲ್ಲ, ನೆಂಟರಾದರೂ. ವಾರ್ಡಿನಲ್ಲಿ ಆಯಾ ಹೇಳಿದ ಕೆಲಸ ಮಾಡಲು ಸಿದ್ಧವಿದ್ದವರು ಬರಬಹುದು. ಪತ್ರದಲ್ಲಿ ಏನು ಮಾಡಿದರೋ ಅಷ್ಟನ್ನೇ ಬರೆಯುತ್ತೇನೆ; ಬಂದ ದಿನವೇ ಅದನ್ನು ತಂದೆ ತಾಯಿಗೂ ಹೇಳುತ್ತೇನೆ. ತಮ್ಮನ ಮಗಳ ಪತ್ರದಲ್ಲಿ ಕೂಸು ಎತ್ತಿಕೊಂಡದ್ದು, ಬಿಸಿನೀರು ತಂದದ್ದು, ಮಾತ್ರೆಯ ಪ್ರಶ್ನೆ ಕೇಳಿದ್ದು ಮೂರೂ ಇವೆ. ಅವಳ ಅರ್ಜಿ ಈ ಸಲ ನಿಮ್ಮ ಕಾಲೇಜುಗಳ ಮುಂದೆ ಬರಲಿದೆ.

ಪತ್ರದ ಒಂದು ಪ್ರತಿಯನ್ನು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಕಳಿಸುತ್ತಿದ್ದೇನೆ. ಸೂಜಿ ಕೊಡುವ ಕೈಗಳ ನೋಂದಣಿ ಅವರ ಹತ್ತಿರವಿದೆ.

ಇತಿ,
ಹಾವೇರಿ ಜಿಲ್ಲೆಯ ಒಬ್ಬ ಪ್ರಸೂತಿ ವೈದ್ಯೆ