ಸಾಕುಮಗುವಿನ ಪರವಾಗಿ ಮಾತಾಡುವವರು ಯಾರು?

ಭಾರತ ಕಥೆಯ ಸಾಕುಮಕ್ಕಳಲ್ಲಿ ಕರ್ಣನಷ್ಟು ನಮ್ಮ ಮನಸ್ಸನ್ನು ಕಲಕುವವನು ಮತ್ತೊಬ್ಬನಿಲ್ಲ. ಅಸ್ತ್ರಪರೀಕ್ಷೆಯ ರಂಗದಲ್ಲಿ ಕೃಪಾಚಾರ್ಯನು ಕುಲವನ್ನು ಕೇಳಿದಾಗ ಅವನು ತಲೆತಗ್ಗಿಸಿ ನಿಂತನು. ಹೆತ್ತ ಕುಂತಿ ಅಲ್ಲಿಯೇ ಇದ್ದಳು, ಮಾತಾಡಲಿಲ್ಲ. ಸಾಕಿದ ಅಧಿರಥನು ಬಂದಾಗ ಭೀಮನು ನಕ್ಕನು. ಕರ್ಣನ ಪರವಾಗಿ ಎದ್ದುನಿಂತವನು ದುರ್ಯೋಧನ. ಅರ್ಜುನನಿಗೊಬ್ಬ ಎದುರಾಳಿ ಬೇಕಾಗಿದ್ದುದೂ ಅವನಿಗೇ. ಆ ಒಂದು ವಕಾಲತ್ತಿನ ಋಣವನ್ನು ಕರ್ಣನು ಪ್ರಾಣಕೊಟ್ಟು ತೀರಿಸಬೇಕಾಯಿತು.

ಕನ್ನಡ ಪಾಠ ಹೇಳುವ ನಾನು ನ್ಯಾಯಶಾಸ್ತ್ರಜ್ಞನಲ್ಲ. ಆದರೂ ಈ ಪ್ರಸಂಗ ಬಂದಾಗಲೆಲ್ಲ ನಮ್ಮ ಸೀಮೆಯ ಮಕ್ಕಳು ನೆನಪಾಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ತಂದೆತಾಯಿಗಳು ತೀರಿಕೊಂಡರೆ, ಇಲ್ಲವೆ ದುಡಿಮೆಗೆಂದು ದೂರದ ಪಟ್ಟಣ ಸೇರಿದರೆ, ಮಗುವನ್ನು ಅಜ್ಜಿಯೋ ಕಾಕನೋ ಸಾಕುವುದುಂಟು. ಇದು ನಮ್ಮ ಜನರ ದೊಡ್ಡ ಗುಣ. ಆದರೆ ತೊಗರಿ ಹೊಲದ ಪಾಲಿನ ದಾವೆ ಬಂದಾಗ, ಅದೇ ಹೊಲದ ಪಾಲುದಾರನಾದ ಕಾಕನೇ ಮಗುವಿಗೆ ವಕೀಲರನ್ನು ಗೊತ್ತುಮಾಡಿದರೆ, ಆ ವಕೀಲರು ಯಾರ ಮಾತನ್ನು ಆಡಿಯಾರು?

ಕಾನೂನು ಈ ಅಪಾಯವನ್ನು ಅರಿಯದ್ದಲ್ಲ. ಮಗುವಿನ ಹಿತಕ್ಕೆ ವಿರುದ್ಧವಾದ ಹಿತವುಳ್ಳವನು ಅದರ ಪರವಾಗಿ ನಿಲ್ಲಬಾರದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶ ಹೇಳುತ್ತದೆ. ಮನೆಯ ಆದಾಯವೆಷ್ಟೇ ಇರಲಿ, ಮಗುವು ಉಚಿತ ವಕೀಲರ ನೆರವಿಗೆ ಅರ್ಹವೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಒಪ್ಪಿದೆ. 2015ರ ಬಾಲನ್ಯಾಯ ಅಧಿನಿಯಮವು, ಮಗುವನ್ನು ಸಾಕುಕುಟುಂಬಕ್ಕೆ ಒಪ್ಪಿಸುವ ಮಕ್ಕಳ ಕಲ್ಯಾಣ ಸಮಿತಿಗೇ ತಕ್ಕ ಕಾನೂನು ನೆರವು ದೊರಕಿಸುವ ಹೊಣೆಯನ್ನೂ ಹೊರಿಸಿದೆ.

ಹಾಗಾದರೆ ಕೊರತೆ ಎಲ್ಲಿ? ನೆರವು ಬರುವುದು ಕೇಳಿದವರಿಗೆ. ಏಳು ವರ್ಷದ ಮಗು ಅರ್ಜಿ ಬರೆಯಬಲ್ಲುದೆ? ಬಂಧುಗಳು ತಾವಾಗಿ ಸಾಕಿದ ಮಗುವಂತೂ ಸಮಿತಿಯ ಕಣ್ಣಿಗೇ ಬೀಳದೆ ಹೋಗಬಹುದು. ಆದ್ದರಿಂದ ದಾವೆಯಲ್ಲಿ ಇಂಥ ಮಗುವಿನ ಹೆಸರು ಕಂಡೊಡನೆ ತಾಲ್ಲೂಕು ಕಾನೂನು ಸೇವಾ ಸಮಿತಿಯು ತಾನಾಗಿಯೇ ಪ್ರತ್ಯೇಕ ವಕೀಲರನ್ನು ಕೊಡಲಿ. ತೀರ್ಪಿನವರೆಗೆ ಅವರೇ ಮುಂದುವರಿಯಲಿ. ವಿಚಾರಣೆಗೆ ಮುನ್ನ ಅವರು ಮಗುವಿನ ಬಳಿ ಕುಳಿತು ಅದರ ಮನೆಮಾತಿನಲ್ಲಿ, ಅದು ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಮಾತಾಡಲಿ. ಮಗುವಿನ ಸ್ಥಿತಿಯನ್ನು ಮೊದಲು ಬಲ್ಲ ಶಾಲೆಯ ಉಪಾಧ್ಯಾಯರು ಸಮಿತಿಗೆ ಒಂದು ಕಾಗದ ಬರೆಯಲಿ.

ಸಾಕಿದವರನ್ನೇ ಶಂಕಿಸುವುದೆ ಎಂದು ಕೆಲವರು ಕೇಳಬಹುದು. ಇದು ಶಂಕೆಯಲ್ಲ; ಪ್ರಾಮಾಣಿಕನಾದ ಕಾಕನನ್ನು ಊರವರ ಅಪವಾದದಿಂದ ಕಾಯುವುದೂ ಇದೇ. ಅನ್ನವಿಟ್ಟ ಮನೆಗೆ ಮಗು ಋಣಿಯಾಗಿರಲಿ. ತನ್ನ ಪಾಲಿನ ನ್ಯಾಯವನ್ನು ಕೊಟ್ಟು ಆ ಋಣವನ್ನು ತೀರಿಸುವಂತಾಗಬಾರದು.